ಹನ್ನೊಂದು ಗಂಟೆಯ ಹಸಿರು

ಜೂನ್ 3

ಚುಕ್ಕಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಂದು ಸಲ ಅಕ್ಕನಾಗಿ, ಇನ್ನೊಂದು ಸಲ ಮೂವತ್ತೆಂಟು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವಳಾಗಿ. ಎರಡು ಸಲವೂ ಮೈ ಉರಿದುಹೋಯಿತು.

ದಿನಕ್ಕೆ ಎರಡು ಚಿತ್ರ, ಅದು ಸಾಲದು ಅಂತ ಬೆಳಿಗ್ಗೆ ಹನ್ನೊಂದಕ್ಕೆ ಫೋನಿನಲ್ಲಿ ನೇರ ಪ್ರಸಾರ! ನೀನು ಬಟ್ಟೆಗೆ ಬಣ್ಣ ಹಾಕುವವಳೋ, ಸರ್ಕಸ್ಸಿನ ಸಿಂಹವೋ? ನಿನಗೆ ಕೆಲಸ ಕಲಿಸಿದ ಮೇಷ್ಟ್ರು ಇದ್ದಾಗ ಕೆಲಸದ ಮನೆಗೆ ಹೊರಗಿನವರು ಬಂದರೆ ಚಪ್ಪಲಿಯ ಜೊತೆ ಮಾತನ್ನೂ ಬಾಗಿಲಲ್ಲೇ ಬಿಟ್ಟು ಬರಬೇಕಿತ್ತು. ಅವರು ಹೋಗಿ ಎರಡು ವರ್ಷ ಆಗಿಲ್ಲ, ಅವರ ಅಳಿಯ ಇಡೀ ಲೋಕವನ್ನೇ ಒಳಗೆ ಕರೆದು ಕೂರಿಸಿದ್ದಾನೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ದಿನ ಮೂರನೇ ಪುಟದಲ್ಲಿ ಅಂಗೈಯಷ್ಟು ಜಾಗ ಉಳಿದುಹೋಯಿತು. ಹಾಕಲು ಸುದ್ದಿ ಇರಲಿಲ್ಲ. ಆಗಿನ ಸಂಪಾದಕರು "ಇಲ್ಲ ಅಂದ್ರೆ ಇಲ್ಲ. ಖಾಲಿ ಬಿಡಿ" ಅಂದರು. ಆ ವಾರ ಓದುಗರಿಂದ ಹನ್ನೆರಡು ಕಾಗದ ಬಂದವು. ಹನ್ನೊಂದು ಬೈಗುಳ. ಒಬ್ಬನು ಮಾತ್ರ, ಕಿಟಕಿಯ ಪಕ್ಕ ಕೂತ ಹಾಗಾಯಿತು ಎಂದು ಬರೆದಿದ್ದ. ಅವರ ನಂತರ ಬಂದ ಸಂಪಾದಕರಿಗೆ ಖಾಲಿ ಜಾಗ ಕಂಡರೆ ಜ್ವರ ಬರುತ್ತಿತ್ತು. ಎಲ್ಲಿ ಬಿಳಿ ಕಂಡರೂ ಒಂದು ನಗುವ ಮಗುವಿನ ಚಿತ್ರ ಅಂಟಿಸುತ್ತಿದ್ದರು. ಆರು ವರ್ಷ, ಅದೇ ಮಗು, ಅದೇ ನಗು. ಪಾಪ, ಬೆಳೆಯಲೇ ಇಲ್ಲ ಅದು.

ಈಗ ಎಲ್ಲರೂ ಆ ಎರಡನೇ ಸಂಪಾದಕರೇ ಆಗಿದ್ದಾರೆ. ನನ್ನ ಮನೆಯ ಕೆಳಗೆ ಕನ್ನಡಕದ ಅಂಗಡಿ ಇಟ್ಟವನು ಕೂಡ, "ಮೇಡಂ, ಒಂದು ಫೋನ್ ತಗೊಳ್ಳಿ, ನಾನೇ ಹೇಳಿಕೊಡ್ತೀನಿ" ಎಂದು ದುಂಬಾಲು ಬೀಳುತ್ತಾನೆ. ನನಗೆ ಆ ಜಂಜಾಟ ಬೇಡ. ನನ್ನ ಹತ್ತಿರ ನೀನು ಕೊಟ್ಟ ನೀಲಿ ಶಾಲು ಇದೆ, ಕುರ್ಚಿಯ ಬೆನ್ನಿಗೆ ಹಾಕಿಕೊಂಡಿದ್ದೇನೆ. ನಿನ್ನನ್ನು ನೋಡಲು ಅಷ್ಟು ಸಾಕು.

ಆಗೋದಿಲ್ಲ ಅಂತ ಅವನ ಮುಖಕ್ಕೇ ಹೇಳು.

ನಿನ್ನ ಅಕ್ಕ

ಮರೆತಿದ್ದೆ. ಬಣ್ಣದ ಬಾನಿಯ ಹಿಂದಿನ ಕಿಟಕಿಗೆ ರಟ್ಟು ತುರುಕಿ ಎಷ್ಟು ದಿನ ಕಳೆಯುತ್ತೀಯೆ? ಗಾಜು ಹಾಕಿಸು. ತಂಡಿ ಗಾಳಿ ನಿನಗೂ ಒಳ್ಳೆಯದಲ್ಲ, ಬಾನಿಗೂ ಅಲ್ಲ.


ಜೂನ್ 14

ಅಕ್ಕಾ,

ಬೈಗುಳದ ಕಾಗದ ತಲುಪಿತು. ನೀನು ಬೈದರೆ ಮನೆಯಲ್ಲಿ ಒಲೆ ಹಚ್ಚಿದ ಹಾಗೆ, ಬೆಚ್ಚಗಾಗುತ್ತದೆ.

ಇಲ್ಲಿ ಎಲ್ಲ ಚೆನ್ನಾಗಿದೆ. ನೀನು ಬಂದಿದ್ದು ಹಳೆಯ ಜಾಗಕ್ಕೆ. ಈ ಹೊಸ ಶೆಡ್ಡನ್ನು ನೋಡೇ ಇಲ್ಲವಲ್ಲ, ಅದಕ್ಕೆ ಹೇಳುತ್ತೇನೆ. ಉದ್ದನೆಯ ಕೋಣೆ, ಎತ್ತರದ ಮಾಡು. ನಡುವೆ ನೆಲದಲ್ಲಿ ಕುತ್ತಿಗೆಯವರೆಗೆ ಹೂತ ಬಾನಿ. ಹಳೆಯ ಬಾನಿಯ ನೀರನ್ನೇ ತಂದು, ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದಕ್ಕೆ ಹಾಕಿದೆವು. ಆ ನೀರಿಗೆ ಮೂವತ್ತೊಂದು ವರ್ಷ. ಮೇಷ್ಟ್ರು ನನಗೆ ಮೊದಲ ದಿನ ಹೇಳಿದ್ದು ನೆನಪಿದೆ: "ಇದು ಬಣ್ಣ ಅಲ್ಲಮ್ಮ, ಜೀವ. ಊಟ ಹಾಕು, ಬೆಚ್ಚಗಿಡು, ಮಲಗೋಕೆ ಬಿಡು." ಮುಚ್ಚಳದ ಮೇಲೆ ಕಂಬಳಿ ಹೊದಿಸಿದರೆ ಒಳಗೆ ಬುಳುಬುಳು ಎಂದು ಮಾತಾಡಿಕೊಳ್ಳುತ್ತದೆ. ಕೆಲವು ಮಧ್ಯಾಹ್ನ ಅದರ ಪಕ್ಕ ಕೂತು ನನಗೂ ಜೊಂಪು ಹತ್ತುತ್ತದೆ. ಯಾರು ಯಾರನ್ನು ಕಾಯುತ್ತಿದ್ದಾರೆ ಎಂದು ಗೊತ್ತಾಗುವುದಿಲ್ಲ.

ಜನಕ್ಕೆ ಬೇಕಾಗಿರುವುದು ಹಸಿರು. ಬಟ್ಟೆಯನ್ನು ಅದ್ದಿ ಮೇಲೆತ್ತಿದಾಗ ಅದು ನೀಲಿ ಇರುವುದಿಲ್ಲ, ಎಳೆ ಎಲೆಯ ಹಸಿರು. ಗಾಳಿ ತಾಗಿದಂತೆ ಕಣ್ಣೆದುರಿಗೇ ನೀಲಿಗೆ ತಿರುಗುತ್ತದೆ. ಹತ್ತು ಉಸಿರಿನಷ್ಟು ಹೊತ್ತು. ಅಳಿಯನಿಗೆ ಅದು ದಿನಾ ಹನ್ನೊಂದಕ್ಕೆ ಬೇಕು. ನಲವತ್ತು ಸಾವಿರ ಜನ ಹಿಂಬಾಲಿಸುತ್ತಾರಂತೆ. ಹಿಂತಿರುಗಿ ನೋಡಿದರೆ ಒಬ್ಬರೂ ಕಾಣುವುದಿಲ್ಲ, ಅದೇ ತಮಾಷೆ.

ಒಬ್ಬ ಮಾತ್ರ ವಿಚಿತ್ರ. ಪ್ರಸಾರ ಶುರುವಾದ ಕೂಡಲೇ ಯಾರು ಯಾರು ನೋಡಲು ಬಂದರು ಅಂತ ಹೆಸರು ಮೂಡುತ್ತದೆ. ದಿನಾ ಮೊದಲ ಹೆಸರು "ಓದುಗ". ಮುಖದ ಜಾಗದಲ್ಲಿ ಬರೀ ಬಿಳಿ ವೃತ್ತ. ಏಳು ತಿಂಗಳಿಂದ ಒಂದು ದಿನವೂ ತಪ್ಪಿಲ್ಲ. ಒಂದು ಮಾತಿಲ್ಲ, ಒಂದು ಮೆಚ್ಚುಗೆ ಇಲ್ಲ. ಅಳಿಯ ಹೇಳುತ್ತಾನೆ, "ಆಂಟಿ, ಅವನು ಯಾವನೋ ಬೇರೆ ಕಾರ್ಖಾನೆಯವನು, ಕದಿಯೋಕೆ ಕೂತಿದಾನೆ." ನೀನು ಇಷ್ಟೆಲ್ಲ ಓದಿದವಳು. ಹೀಗೆ ದಿನಾ ಬಂದು, ಏನೂ ಹೇಳದೆ ಹೋಗುವವರು ಎಂಥವರು ಇರಬಹುದು?

ಚುಕ್ಕಿ


ಜೂನ್ 25

ಚುಕ್ಕಿ,

ಓದುಗನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಯಾರೋ ವಯಸ್ಸಾದವರು ಇರಬೇಕು. ಬೆಳಿಗ್ಗೆ ಹೊತ್ತು ಹೋಗದವರು. ಕಳ್ಳನಂತೂ ಅಲ್ಲ, ಕಳ್ಳ ಏಳು ತಿಂಗಳು ಕಾಯುವುದಿಲ್ಲ. ಮೆಚ್ಚುಗೆ ಒತ್ತದೆ ನೋಡುವುದು ಒಂದು ಕಾಲದಲ್ಲಿ ಮರ್ಯಾದೆಯ ಲಕ್ಷಣವಾಗಿತ್ತು. ಗ್ರಂಥಾಲಯದಲ್ಲಿ ಎದುರು ಬದುರು ಕೂತು ಇಪ್ಪತ್ತು ವರ್ಷ ಓದಿದವರನ್ನು ನಾನು ಬಲ್ಲೆ. ಒಬ್ಬರ ಹೆಸರು ಒಬ್ಬರಿಗೆ ತಿಳಿಯದು. ಒಬ್ಬರು ಬರದ ದಿನ ಇನ್ನೊಬ್ಬರಿಗೆ ಪುಟ ಮುಂದೆ ಹೋಗುತ್ತಿರಲಿಲ್ಲ.

ನನ್ನ ಮಾತು ಮಾತೇ. ಈ ತೋರಿಸಿಕೊಳ್ಳುವ ಚಟ ಮನುಷ್ಯನನ್ನು ತಿಂದುಹಾಕುತ್ತದೆ. ಊರಿಗೆ ರೇಡಿಯೋ ಬಂದಾಗ ಕೇಳುವವರಾದೆವು, ಟೀವಿ ಬಂದಾಗ ನೋಡುವವರಾದೆವು, ಈಗ ಎಲ್ಲರೂ ಅಂಗಡಿಯ ಗಾಜಿನೊಳಗಿನ ಗೊಂಬೆಗಳಾಗಿದ್ದೇವೆ. ಹೊರಗೆ ನಿಂತು ನೋಡುವವರೇ ಉಳಿದಿಲ್ಲ. ಅಳಿಯನಿಗೆ ಹೇಳು, ಆ ಎರಡು ಚಿತ್ರಗಳು ಶುದ್ಧ ದಂಡ.

ಆದರೆ ಮೂರನ್ನೂ ನಿಲ್ಲಿಸು ಎಂದು ನಾನು ಹಟ ಹಿಡಿಯುವುದಿಲ್ಲ. ನಿನ್ನ ಕೆಲಸದ ಪ್ರಶ್ನೆಯೂ ಇದೆಯಲ್ಲ. ಹನ್ನೊಂದು ಗಂಟೆಯದು ಇರಲಿ ಬಿಡು.

ಮೊನ್ನೆ ಊಟವಾದ ಮೇಲೆ ಕುರ್ಚಿಯಲ್ಲೇ ಕಣ್ಣು ಹತ್ತಿತು. ನಮ್ಮ ಮೆಟ್ಟಿಲ ತುಂಬ ನೀರು ನಿಂತಿದೆ. ಮೂರನೇ ಮಹಡಿಯಿಂದ ಬಗ್ಗಿ ನೋಡುತ್ತೇನೆ, ಕೆಳಗಿನಿಂದ ಉದ್ದನೆಯ ಬಟ್ಟೆ ನಿಧಾನವಾಗಿ ಮೇಲೆ ಬರುತ್ತಿದೆ, ಹಸಿರು. ನನ್ನ ಮೆಟ್ಟಿಲಿಗೆ ಬರುವಷ್ಟರಲ್ಲಿ ಎಚ್ಚರವಾಯಿತು. ನೀಲಿಯಾದದ್ದು ನೋಡಲಿಲ್ಲ. ಇಡೀ ಸಂಜೆ ಏನೋ ಬಾಕಿ ಉಳಿದ ಹಾಗಿತ್ತು.

ಅಕ್ಕ


ಜುಲೈ 9

ಅಕ್ಕಾ,

ಕಳೆದ ಸಲ ಎಲ್ಲ ಚೆನ್ನಾಗಿದೆ ಎಂದು ಬರೆದಿದ್ದೆ. ಚೆನ್ನಾಗಿರಲಿಲ್ಲ.

ಬಾನಿ ಕಾಯಿಲೆ ಬಿದ್ದಿದೆ. ಆರೋಗ್ಯವಾಗಿದ್ದರೆ ನೀರಿನ ಮೇಲೆ ತಾಮ್ರದ ಬಣ್ಣದ ಕೆನೆ ಕಟ್ಟಿರುತ್ತದೆ. ಕೆನೆ ಸರಿಸಿದರೆ ಒಳಗೆ ಹಳದಿ ಬೆರೆತ ಹಸಿರು. ಮೇ ತಿಂಗಳಿಂದಲೇ ಆ ಕೆನೆ ತೆಳುವಾಗುತ್ತಿತ್ತು. ಗಾಳಿ ಬಾನಿಗೆ ಶತ್ರು. ಎರಡು ದಿನ ಅದ್ದಿದರೆ ಮೂರು ದಿನ ಮುಚ್ಚಿಡಬೇಕು. ನಾವು ಎಂಟು ತಿಂಗಳಿಂದ ದಿನಾ ಹನ್ನೊಂದಕ್ಕೆ ಮುಚ್ಚಳ ತೆಗೆದು, ಫೋನಿಗೆ ಚೆನ್ನಾಗಿ ಕಾಣಲಿ ಎಂದು ಕಲಕಿ ಕಲಕಿ ತೋರಿಸಿದ್ದೇವೆ. ಮಲಗಿದವರನ್ನು ದಿನಾ ಎಬ್ಬಿಸಿ ನಗು ಅಂದ ಹಾಗೆ. ಕಳೆದ ವಾರ ಬಟ್ಟೆ ಬೂದಿ ಬಣ್ಣಕ್ಕೆ ಬಂತು.

ಆಮೇಲೆ ನಾನು ಮಾಡಿದ್ದನ್ನು ನಿನಗೆ ಮಾತ್ರ ಹೇಳುತ್ತೇನೆ. ಅಳಿಯ ಪೊಟ್ಟಣದ ನೀಲಿ ತಂದ. ಬಕೆಟ್ಟಿನಲ್ಲಿ ಕಲಸಿ, ಆ ಬಕೆಟ್ಟನ್ನೇ ಬಾನಿಯ ಬಾಯಿಗೆ ಇಳಿಸಿದೆವು. ಅದರಲ್ಲಿ ಹಸಿರು ಬರುವುದಿಲ್ಲ. ಅದಕ್ಕೆ ಮೇಲೊಂದು ಹಸಿರು ದೀಪ ಕಟ್ಟಿದ. ಬಟ್ಟೆ ಎತ್ತುವಾಗ ದೀಪ ಹಚ್ಚುವುದು, ಮೆಲ್ಲಗೆ ಆರಿಸುವುದು. "ನೋಡಿ ಆಂಟಿ, ನಿಜದ್ದಕ್ಕಿಂತ ಚೆನ್ನಾಗಿ ಬರ್ತಿದೆ" ಅಂದ. ನಾನು ನಗುತ್ತಾ ಬಟ್ಟೆ ಎತ್ತಿದೆ, ಅಕ್ಕಾ. ಮೂರು ದಿನ.

ನಲವತ್ತು ಸಾವಿರ ಜನರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹೃದಯದ ಚಿಹ್ನೆಗಳು ಗುಳ್ಳೆಗಳ ಹಾಗೆ ಏಳುತ್ತಲೇ ಇದ್ದವು. ಮೂರನೆಯ ದಿನ ಓದುಗ ಮೊದಲ ಸಲ ಬಾಯಿ ಬಿಟ್ಟ. ಒಂದೇ ಸಾಲು: "ಇದು ಆ ನೀಲಿ ಅಲ್ಲ."

ಅಳಿಯ ಅದನ್ನು ಕೂಡಲೇ ಅಳಿಸಿದ. ನಾನು ಓದಿಯಾಗಿತ್ತು. ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿತ್ತು.

ಚುಕ್ಕಿ


ಜುಲೈ 20

ಚುಕ್ಕಿ,

ಓದುಗ ಸರಿಯಾಗೇ ಹೇಳಿದ್ದಾನೆ.

ನಿನ್ನನ್ನು ಬೈಯಲು ಕೂತೆ. ಒಂದು ಹಾಳೆ ಬರೆದು ಹರಿದೆ. ಬೈಯುವ ಹಕ್ಕು ನನಗಿಲ್ಲ ಎಂಬುದು ಬರೆಯುವಾಗ ನೆನಪಾಯಿತು. ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ.

ಇಪ್ಪತ್ತಾರು ವರ್ಷದ ಕೆಳಗೆ, ಒಂದು ಸಭೆಯ ಚಿತ್ರ ಮುಖಪುಟಕ್ಕೆ ಬಂತು. ಜನಸಾಗರ ಎಂದು ತಲೆಬರಹ. ಕರಡು ನನ್ನ ಮೇಜಿಗೆ ಬಂದಾಗ ಜನರ ನಡುವೆ ಟೋಪಿ ಹಾಕಿದ ಒಬ್ಬನನ್ನು ನೋಡಿದೆ. ಮೂಗು ಕೆರೆಯುತ್ತಾ ನಿಂತಿದ್ದ. ಸ್ವಲ್ಪ ಬಲಕ್ಕೆ ಹೋದರೆ ಅದೇ ಟೋಪಿ, ಅದೇ ಮೂಗು, ಅದೇ ಕೈ. ಅರ್ಧ ಸಭೆಯನ್ನು ಕತ್ತರಿಸಿ ಪಕ್ಕಕ್ಕೆ ಅಂಟಿಸಿ ಸಾಗರ ಮಾಡಿದ್ದರು. ನಾನು ಸಂಪಾದಕರ ಬಾಗಿಲವರೆಗೆ ಹೋದೆ. ಒಳಗೆ ನಗು ಕೇಳಿಸುತ್ತಿತ್ತು. ನನ್ನ ಕೆಲಸ ಅಕ್ಷರ ನೋಡುವುದು, ಚಿತ್ರ ನೋಡುವುದಲ್ಲ ಎಂದು ನನಗೇ ಹೇಳಿಕೊಂಡು ವಾಪಸ್ಸು ಬಂದು ಸಹಿ ಹಾಕಿದೆ. ಬೆಳಿಗ್ಗೆ ಊರೆಲ್ಲ ಅದನ್ನು ನೋಡಿತು. ಯಾರೂ ಏನೂ ಹೇಳಲಿಲ್ಲ. ಆ ಟೋಪಿಯವನು ಇವತ್ತಿಗೂ ನನ್ನ ಕಣ್ಣೊಳಗೆ ಇಬ್ಬರಾಗಿ ನಿಂತಿದ್ದಾನೆ.

ಹನ್ನೊಂದು ಗಂಟೆಯದು ಇರಲಿ ಎಂದು ಬರೆದವಳು ನಾನು. ಬಾನಿಯ ವಿಷಯ ತಿಳಿಯದೆ ಬರೆದೆ, ಆದರೂ ಅದು ಸ್ವಾರ್ಥ. ಯಾಕೆ ಎಂದು ಕೇಳಬೇಡ. ಈಗ ಬೇರೆ ಹೇಳುತ್ತೇನೆ. ಮುಚ್ಚಳ ಮುಚ್ಚು. ಅದಕ್ಕೆ ಎಷ್ಟು ದಿನ ಬೇಕೋ ಅಷ್ಟು ದಿನ. ಒಂದು ಚಿತ್ರವೂ ಬೇಡ, ಒಂದು ಕ್ಷಣದ್ದೂ ಬೇಡ. ನೋಡುವವರು ಏನಾದರೂ ಆಗಲಿ. ನೋಡದೆ ಇದ್ದರೆ ಯಾರೂ ಸಾಯುವುದಿಲ್ಲ.

ಅಕ್ಕ


ಆಗಸ್ಟ್ 2

ಅಕ್ಕಾ,

ಮುಚ್ಚಿದೆ. ನಿನ್ನೆ ಹನ್ನೊಂದಕ್ಕೆ ಹತ್ತು ನಿಮಿಷ ಇದ್ದಾಗ ಬಾನಿಗೆ ಊಟವೆಂದು ಹೊಟ್ಟು, ಸುಣ್ಣದ ತಿಳಿ ಹಾಕಿ, ಮುಚ್ಚಳ ಬಿಗಿದು, ಎರಡು ಕಂಬಳಿ ಹೊದಿಸಿ, ಅದರ ಮೇಲೆ ನಾನೇ ಕೂತುಬಿಟ್ಟೆ. ಅಳಿಯ ಫೋನು ಕೋಲಿಗೆ ಸಿಕ್ಕಿಸಿಕೊಂಡು ಬಂದ.

"ಏಳಿ ಆಂಟಿ, ಟೈಮಾಯ್ತು."

"ಏಳಲ್ಲ. ನಲವತ್ತು ದಿನ ಇದನ್ನ ಯಾರೂ ತೆಗೆಯೋ ಹಾಗಿಲ್ಲ."

"ನಲವತ್ತು ದಿನ ಏನೂ ಹಾಕದಿದ್ರೆ ನಾವು ಸತ್ತೇಹೋದ್ವಿ ಅಂದ್ಕೋತಾರೆ!"

"ಅಂದ್ಕೊಳ್ಳಲಿ. ನಿಜವಾಗಿ ಸಾಯೋದು ತಪ್ಪುತ್ತಲ್ಲ."

"ನೀವು ಸುಮ್ನೆ ಕೂತಿರೋದನ್ನೇ ಹಾಕ್ಲಾ?"

"ಹಾಕಿ ನೋಡು. ನಿಮ್ಮ ಮಾವ ಬೈತಿದ್ದ ಭಾಷೆಯಲ್ಲೇ ಮಾತಾಡ್ತೀನಿ, ನಲವತ್ತು ಸಾವಿರ ಜನ ಕೇಳ್ಲಿ."

ಅವನು ಕೆಟ್ಟವನಲ್ಲ, ಅಕ್ಕಾ. ಹೆದರಿದ್ದಾನೆ. ಮರೆತುಬಿಡುತ್ತಾರೆ ಎಂಬ ಹೆದರಿಕೆ. ಕಡೆಗೆ ಒಂದು ಮಾತಿಗೆ ಬಂದೆವು. ನಲವತ್ತು ದಿನ ಮೌನ. ಸೆಪ್ಟೆಂಬರ್ ಹತ್ತಕ್ಕೆ ಮುಚ್ಚಳ ತೆಗೆದಾಗ ಕೆನೆ ಕಟ್ಟಿದ್ದರೆ, ಮುಂದೆ ಬಾನಿ ಹೇಳಿದ ದಿನ ಮಾತ್ರ ತೆರೆಯುವುದು. ಕಟ್ಟಿಲ್ಲದಿದ್ದರೆ ಬಾನಿಯನ್ನು ಮಣ್ಣು ಹಾಕಿ ಮುಚ್ಚಿ, ಪೊಟ್ಟಣದ ನೀಲಿ, ಹಸಿರು ದೀಪ. ಆಗ ನಾನು ಅಲ್ಲಿ ಇರುವುದಿಲ್ಲ. ಇಪ್ಪತ್ತಾರು ವರ್ಷದ ಕೆಲಸ.

ಓದುಗನನ್ನು ನೆನೆದರೆ ಪಾಪ ಅನ್ನಿಸುತ್ತದೆ. ಹನ್ನೊಂದು ಗಂಟೆಗೆ ಅವನೇನು ಮಾಡುತ್ತಾನೋ.

ಬಾನಿ ಮಲಗಿರುವಷ್ಟು ದಿನ ನಾನೂ ಬರೆಯುವುದಿಲ್ಲ. ಏನು ಬರೆದರೂ ಮುಚ್ಚಳ ಎತ್ತಿ ನೋಡಿದ ಹಾಗಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡ.

ಚುಕ್ಕಿ


ಆಗಸ್ಟ್ 19

ಚುಕ್ಕಿ,

ನೀನು ಬರೆಯುವುದಿಲ್ಲ ಎಂದಿದ್ದೀಯೆ. ನಾನು ಹಾಗೇನೂ ಹೇಳಿಲ್ಲ.

ಇಲ್ಲಿ ಎಲ್ಲ ಎಂದಿನ ಹಾಗೆ. ಬೆಳಿಗ್ಗೆ ಪತ್ರಿಕೆ ಓದುತ್ತೇನೆ, ಮೊದಲ ಪುಟದಲ್ಲೇ ಏಳು ತಪ್ಪು. ಹತ್ತೂವರೆಗೆ ಚಹಾ. ಆಮೇಲೆ ಸ್ವಲ್ಪ ಹೊತ್ತು ಕೈಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ತಾನಾಗಿ ಮೇಜಿನ ಮೇಲೆ ಹೋಗುತ್ತದೆ, ವಾಪಸ್ಸು ಬರುತ್ತದೆ. ನಿನ್ನೆ ಕನ್ನಡಕದವನು ಮೆಟ್ಟಿಲಲ್ಲಿ ಸಿಕ್ಕಿ, "ಏನ್ ಮೇಡಂ, ಮುಖ ಬಾಡಿದೆ, ಇವತ್ತೂ"

ಆ ಮಾತು ಬೇಡ. ಮೂರು ಸಾಲು ಹೊಡೆದು ಹಾಕಿದ್ದೇನೆ, ಕ್ಷಮಿಸು.

ಎಡಗೈ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆಯಾ? ಗಾಯ ಮಾಯುವ ಮುಂಚೆ ಸುಣ್ಣ ಮುಟ್ಟಬೇಡ.

ಅಕ್ಕ


ಸೆಪ್ಟೆಂಬರ್ 1

ಚುಕ್ಕಿ,

ಮತ್ತೆ ಅದೇ ಕನಸು. ಮೆಟ್ಟಿಲಲ್ಲಿ ನೀರು. ಈ ಸಲ ಬಟ್ಟೆ ಇರಲಿಲ್ಲ. ನೀರು ಎಷ್ಟು ನಿಶ್ಚಲವಾಗಿತ್ತು ಎಂದರೆ, ಅದರ ಮೇಲೆ ಕಾಲಿಟ್ಟು ನಡೆಯಬಹುದು ಅನ್ನಿಸಿತು. ಇಳಿದು ಕೊನೆಯ ಮೆಟ್ಟಿಲಲ್ಲಿ ಕೂತೆ. ಕಾಯುತ್ತಿದ್ದೆ, ಆದರೆ ಬೇಸರ ಇರಲಿಲ್ಲ.

ಎದ್ದ ಮೇಲೆ ಆ ಅಂಗೈಯಷ್ಟು ಖಾಲಿ ಜಾಗ ನೆನಪಾಯಿತು. ಅದನ್ನು ಹೊಗಳಿ ಇಷ್ಟು ವರ್ಷ ಭಾಷಣ ಮಾಡಿದ್ದೇನೆ. ಅದರೊಳಗೆ ಕೂತು ನೋಡಿದ್ದು ಈ ಒಂದು ತಿಂಗಳಿಂದಲೇ. ಸುಲಭವಲ್ಲ.

ಇನ್ನು ಒಂಬತ್ತು ದಿನ. ನಾನು ಎಣಿಸುತ್ತಿಲ್ಲ.

ಅಕ್ಕ


ಸೆಪ್ಟೆಂಬರ್ 11

ಅಕ್ಕಾ,

ಕೆನೆ ಕಟ್ಟಿದೆ!

ನಿನ್ನೆ ಹನ್ನೊಂದು ಗಂಟೆಗೆ ತೆಗೆದೆ. ಹನ್ನೊಂದಕ್ಕೇ ಯಾಕೆ ಎಂದು ಅಳಿಯ ಕೇಳಿದ. ಕಂಬಳಿ ತೆಗೆದಾಗಲೇ ವಾಸನೆ ಗೊತ್ತಾಯಿತು, ಹಳೆಯ ವಾಸನೆ, ಮೇಷ್ಟ್ರ ಅಂಗಿಯದು. ಮುಚ್ಚಳ ಎತ್ತಿದರೆ ತಾಮ್ರದ ತಟ್ಟೆ ಇಟ್ಟ ಹಾಗೆ ಮಿನುಗುತ್ತಿತ್ತು. ಬಟ್ಟೆ ಇಳಿಸಿದೆ. ಇನ್ನೂರರವರೆಗೆ ಮನಸ್ಸಿನಲ್ಲೇ ಎಣಿಸಿದೆ. ಎತ್ತಿದೆ.

ಅಳಿಯ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಫೋನು ತೆಗೆದ. ಅದರ ಬೀಗ ತೆರೆಯಲು ಬೆರಳು ಒತ್ತಿ, ಮತ್ತೆ ಒತ್ತಿ, ತಲೆ ಎತ್ತುವಷ್ಟರಲ್ಲಿ ಬಟ್ಟೆ ನೀಲಿ.

"ಹೋಗೇಬಿಡ್ತಾ?" ಅಂದ, ಮಗುವಿನ ಹಾಗೆ.

"ಹೋಗದೆ ನಿನಗೆ ಕಾಯುತ್ತಾ?"

"ಇನ್ನೊಂದ್ಸಲ ಅದ್ದಿ ಆಂಟಿ. ಫೋನ್ ಬೇಡ. ಸುಮ್ನೆ ನೋಡ್ತೀನಿ." ಇಷ್ಟು ದಿನದಲ್ಲಿ ಅವನು ಹಸಿರನ್ನು ಬರಿಗಣ್ಣಿಂದ ನೋಡಿರಲೇ ಇಲ್ಲವಂತೆ. ನೀಲಿಯಾಗುವವರೆಗೂ ನೋಡಿದ. ಆಮೇಲೆ ಹಸಿರು ದೀಪ ತಾನೇ ಬಿಚ್ಚಿ ಕಪಾಟಿನಲ್ಲಿಟ್ಟ. ಬಿಸಾಡಲಿಲ್ಲ, ಇಟ್ಟ. ಅಷ್ಟಕ್ಕೆ ಅಷ್ಟು. ನಲವತ್ತು ಸಾವಿರದಲ್ಲಿ ಒಂಬತ್ತು ಸಾವಿರ ಜನ ಬಿಟ್ಟುಹೋಗಿದ್ದಾರಂತೆ. ಅದನ್ನು ದಿನಕ್ಕೆರಡು ಸಲ ಹೇಳುತ್ತಾನೆ. ಕೊಟ್ಟ ಮಾತು ಮಾತ್ರ ಉಳಿಸಿಕೊಂಡಿದ್ದಾನೆ.

ಈಗ ನನ್ನ ಒಂದು ಮುಚ್ಚಳ ತೆಗೆಯುತ್ತೇನೆ. ಆ ಕಿಟಕಿಗೆ ರಟ್ಟು ತುರುಕಿದ ವಿಷಯ ನಾನು ನಿನಗೆ ಯಾವತ್ತೂ ಬರೆದಿರಲಿಲ್ಲ, ಅಕ್ಕಾ. ಹೆಬ್ಬೆರಳಿನದೂ ಬರೆದಿರಲಿಲ್ಲ. ಜೂನ್ ತಿಂಗಳ ಆ ಮೊದಲ ಕಾಗದ ಓದಿದ ದಿನವೇ ಓದುಗ ಯಾರು ಅಂತ ಗೊತ್ತಾಯಿತು. ಗೊತ್ತಿದ್ದೇ ನಿನ್ನನ್ನು ಕೇಳಿದೆ. ನೀನು ಹೇಳಲಿಲ್ಲ, ನಾನೂ ಕೆದಕಲಿಲ್ಲ.

ಅವತ್ತಿನಿಂದ ಹನ್ನೊಂದು ಗಂಟೆಗೆ ನಾನು ನಲವತ್ತು ಸಾವಿರ ಜನಕ್ಕೆ ತೋರಿಸಲಿಲ್ಲ. ಒಬ್ಬಳಿಗೆ ತೋರಿಸಿದೆ. ನಿನಗೆ ಕಾಣಲಿ ಎಂದು ಅಮ್ಮನ ಬಳೆ ಹಾಕಿಕೊಂಡೆ. ಬಟ್ಟೆಯನ್ನು ಎರಡು ಗಳಿಗೆ ಹೆಚ್ಚು ಹಿಡಿದೆ. ಬಾನಿ ಸೊರಗುತ್ತಿದ್ದರೂ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಅಳಿಯನ ಹೆದರಿಕೆಗಲ್ಲ. ಪೊಟ್ಟಣದ ನೀಲಿಯನ್ನು ಎತ್ತಿದ ಮೂರು ದಿನವೂ, ಇವಳಿಗೆ ಗೊತ್ತಾಗದಿರಲಿ, ಇವಳಿಗೆ ಗೊತ್ತಾಗಲಿ ಎಂದು ಎರಡನ್ನೂ ಬೇಡಿಕೊಂಡೆ.

ಆ ಹಸಿರನ್ನು ಲಕೋಟೆಯಲ್ಲಿ ಕಳಿಸೋಣ ಎಂದು ಯೋಚಿಸಿದೆ. ಆಗುವುದಿಲ್ಲ. ಅದಕ್ಕೆ ಹತ್ತು ಉಸಿರಿನ ಆಯಸ್ಸು. ಜೊತೆಗಿಟ್ಟ ಈ ನೀಲಿ ತುಂಡು ನಿನ್ನ ಶಾಲಿಗೆ ಹೊಂದುತ್ತದೆಯೋ ಇಲ್ಲವೋ ನೋಡು. ಇನ್ನು ಮುಂದೆ ಹನ್ನೊಂದು ಗಂಟೆಗೆ ಪ್ರಸಾರ ಇರುವುದಿಲ್ಲ. ಬಾನಿಯ ಪಕ್ಕ ಓದುಗನಿಗೆ ಒಂದು ಕುರ್ಚಿ ಹಾಕಿದ್ದೇನೆ. ಫೋನು ಬೇಡ. ಕನ್ನಡಕ ಮರೆಯಬೇಡ.

ಚುಕ್ಕಿ


ಸೆಪ್ಟೆಂಬರ್ 18

ಚುಕ್ಕಿ,

ನೀಲಿ ಹೊಂದುತ್ತದೆ. ಇದು ಆ ನೀಲಿಯೇ.

ಯಾವ ಓದುಗ, ಏನು ಕಥೆ, ನನಗೆ ಒಂದೂ ಅರ್ಥವಾಗಲಿಲ್ಲ. ಮೂವತ್ತೆಂಟು ವರ್ಷ ಕರಡು ತಿದ್ದಿದವಳ ಮೇಲೆ ಇಂಥ ಆಪಾದನೆ! ನನ್ನ ಹತ್ತಿರ ಫೋನೇ ಇಲ್ಲ. ಇದ್ದದ್ದನ್ನು ಕನ್ನಡಕದವನಿಗೆ ವಾಪಸ್ಸು ಕೊಟ್ಟೆ.

ಇಪ್ಪತ್ತಾರಕ್ಕೆ ಹೊರಡುತ್ತೇನೆ. ಬಾನಿ ಆ ವಾರ ಮಲಗಿದ್ದರೆ ಮಲಗಿರಲಿ, ನನಗೇನೂ ಅವಸರವಿಲ್ಲ, ಏಳುವವರೆಗೆ ಇರುತ್ತೇನೆ.

ಕುರ್ಚಿಯನ್ನು ಮಾತ್ರ ಕಿಟಕಿಯ ಎಡಕ್ಕೆ ಹಾಕು. ಬಲಕ್ಕೆ ಹಾಕಿದರೆ ಕಂಬ ಅಡ್ಡ ಬರುತ್ತದೆ, ನಿನ್ನ ಮುಖ ಅರ್ಧವೇ ಕಾಣುತ್ತದೆ.

ಅಕ್ಕ